ಅಕ್ಕಡಿ ಕಾಳುಗಳೂ ಮಧುಮೇಹದ ತಡೆಯೂ

ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದೊಡನೆ ಕುಸುಬಿ, ಅಗಸಿ, ಕಡಲೆಗಳ ಅಕ್ಕಡಿ ಸಾಲುಗಳನ್ನು ಬಿತ್ತುವುದು ಹಿರಿಯರಿಂದ ಬಂದ ಪದ್ಧತಿ. ಮಳೆ ಹೆಚ್ಚಾದ ಕಿತ್ತೂರ ಭಾಗದಲ್ಲಿ ಭತ್ತದ ಸಾಗುವಳಿಯುಂಟು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟಾದ ತರುವಾಯ ಕಬ್ಬು, ಗೋವಿನಜೋಳಗಳು ಹಬ್ಬಿದವು. ಮುಂಗಾರಿಯಲ್ಲಿ ಸೋಯಾ ಅವರೆ ಬಂದಿತು. ಇವುಗಳಿಂದ ರೈತನ ಕೈಗೆ ಹಣ ಬಂದುದು ಸಂತೋಷವೇ. ಆದರೆ ಅಕ್ಕಡಿ ಸಾಲುಗಳು ಎಲ್ಲಿ ಇಲ್ಲವಾದವೋ ಅಲ್ಲಿ ಆ ಕಾಳುಗಳು ಮನೆಯ ಊಟದಿಂದಲೂ ಮರೆಯಾಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಮೇರೆಗೆ, ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿದೆ. ಇದು ಪಟ್ಟಣದವರಿಗೆ ಮಾತ್ರ ಬರುವ ರೋಗವೆಂದು ಹಳ್ಳಿಯವರು ನಿಶ್ಚಿಂತರಾಗಿರಲಾಗದು.

ಆಹಾರದಲ್ಲಿ ಪಿಷ್ಟ, ಸಸಾರಜನಕ, ಜಿಡ್ಡುಗಳಲ್ಲದೆ, ಅಲ್ಪ ಪ್ರಮಾಣದಲ್ಲಿದ್ದು ಶರೀರದ ವ್ಯಾಪಾರದ ಮೇಲೆ ಪರಿಣಾಮ ಮಾಡುವ ಕ್ರಿಯಾಶೀಲ ದ್ರವ್ಯಗಳಿವೆ. ನಾರಿನ ಅಂಶವೂ ಇವುಗಳಿಗೆ ನೆರವಾಗುತ್ತದೆ. ಈ ಸೀಮೆಯ ಬೆಳೆಗಳಲ್ಲಿ ಅವು ಹೀಗಿವೆ:

೧. ಮೆಂತ್ಯ: ಇದರ ಅಂಟು ನಾರು ಕರುಳಿನಲ್ಲಿ ಲೋಳೆಯಾಗಿ, ಸಕ್ಕರೆಯು ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಗಳಿಗೆ ದಿನಕ್ಕೆ ೧೦೦ ಗ್ರಾಂ ಜಿಡ್ಡು ತೆಗೆದ ಮೆಂತ್ಯದ ಹಿಟ್ಟನ್ನು ಕೊಡಲಾಗಿ ರಕ್ತದ ಸಕ್ಕರೆ ಇಳಿಯಿತು. ಒಗ್ಗರಣೆಯ ಚಿಟಿಕೆ ಮೆಂತ್ಯದಿಂದ ಅಷ್ಟು ಗುಣವನ್ನು ನಿರೀಕ್ಷಿಸಬಾರದು.

೨. ಅಗಸಿ: ಇದರ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-೩ ಜಾತಿಯ ಜಿಡ್ಡು, ಸಿಪ್ಪೆಯಲ್ಲಿ ಲಿಗ್ನಾನ್ ಎಂಬ ದ್ರವ್ಯ. ಇಡಿಯ ಕಾಳು ಜೀರ್ಣವಾಗದೆ ಹೋಗುವುದರಿಂದ ಹುರಿದು ಹಿಂಡಿ ಮಾಡುವುದೇ ಲೇಸು. ಕುಟ್ಟಿದ ಅಗಸಿ ಬೇಗ ಕಮಟುವುದು. ವಾರಕ್ಕೆ ಬೇಕಾದಷ್ಟನ್ನೇ ಕುಟ್ಟತಕ್ಕದ್ದು.

೩. ಜೋಳ, ನವಣೆ, ಹುರುಳಿ: ಪಾಲಿಫಿನಾಲ್ ಎಂಬ ದ್ರವ್ಯಗಳೂ ನಾರೂ ಬಹುಪಾಲು ಹೊರಪದರಿನಲ್ಲಿರುತ್ತವೆ. ನವಣೆಯನ್ನು ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿಸಿದರೆ, ಜೋಳದ ಹಿಟ್ಟನ್ನು ಸಣ್ಣಗೆ ಜರಡಿ ಹಿಡಿದರೆ, ಗುಣವೆಲ್ಲ ತೌಡಿನೊಡನೆ ದನದ ಪಾಲಾಗುವುದು.

ಇವು ಔಷಧವಲ್ಲವೆಂಬುದನ್ನು ಮರೆಯಬಾರದು. ದುಡಿಮೆಯೂ ಮಿತವಾದ ಊಟವೂ ಇಲ್ಲದಿದ್ದರೆ ಇವುಗಳಿಂದ ಪ್ರಯೋಜನ ಕಡಿಮೆ. ವೈದ್ಯರು ಕೊಟ್ಟ ಗುಳಿಗೆಯನ್ನು ಬಿಟ್ಟು ಮೆಂತ್ಯವನ್ನೇ ನಂಬುವುದು ಪ್ರಾಣಕ್ಕೆ ಅಪಾಯಕರ. ಗುಳಿಗೆ ಸೇವಿಸುವವರು ಮೆಂತ್ಯವನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಕಬ್ಬನ್ನಾಗಲಿ ಸೋಯಾವನ್ನಾಗಲಿ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಬರುವ ಹಿಂಗಾರಿಗೆ ಭೂಮಾಲಕರು ತಮ್ಮ ಮನೆಗೂ ಆಳುಗಳ ಮನೆಗೂ ಸಾಲುವಷ್ಟು ಅಗಸಿಯ ಸಾಲುಗಳನ್ನು ಜೋಳದ ನಡುವೆ ಹಾಕಿಸಲಿ. ಹೊಲದ ಅಂಚಿಗೆ ಕುಸುಬಿ ಬಿತ್ತಿಸಲಿ, ಅದರ ಮುಳ್ಳು ದನಗಳನ್ನು ತಡೆಯುವುದು. ಊರ ಮುಖಂಡರು ಮೊದಲು ಮಾಡಿ ತೋರಿಸಿದರೆ ಉಳಿದವರು ತಾವಾಗಿ ಅನುಸರಿಸುವರು.