ಹೊಸ ಕ್ಯಾಮೆರಾ, ಬಿಳಚಿದ ಫೋಟೊ: ಅಂಗಡಿಗೆ ಹೋಗುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಹೊಸದಾಗಿ ಕ್ಯಾಮೆರಾ ಕೊಂಡವರ ದೂರು ಬಹುಪಾಲು ಒಂದೇ ಥರ ಇರುತ್ತದೆ: ‘ಫೋಟೊ ಎಲ್ಲಾ ಬೆಳ್ಳಗ ಬರ್ಲಿಕತ್ತಾವ್ರಿ, ಬಣ್ಣನ ಇಲ್ಲ.’ ಮೊಬೈಲಿನಲ್ಲೇ ಇದಕ್ಕಿಂತ ಚಂದ ಬರುತ್ತಿತ್ತು ಎಂದು ಮನೆಯವರು ಚುಚ್ಚುತ್ತಾರೆ. ‘ಪೀಸ್ ಖರಾಬ್ ಅದ, ಬದಲಿ ಕೊಡ್ರಿ’ ಎಂದು ಕೊಂಡವರು ವಿಜಯಪುರದ ಬಸ್ ಹತ್ತುತ್ತಾರೆ. ಖರಾಬ್ ಪೀಸ್ ಬರುವುದುಂಟು, ಆದರೆ ಅಪರೂಪ. ಹೆಚ್ಚಿನ ಸಲ ತಪ್ಪಿರುವುದು ಸೆಟ್ಟಿಂಗ್. ಅದಕ್ಕೂ ಹೆಚ್ಚಾಗಿ, ನಮ್ಮ ಜಿಲ್ಲೆಯ ಬಿಸಿಲಲ್ಲಿ ನಿಂತು ಕ್ಯಾಮೆರಾದ ಹಿಂದಿನ ಪರದೆಯನ್ನು ನಂಬಿದ್ದು.

ಮೊಬೈಲಿಗೆ ಹೋಲಿಸುವುದನ್ನು ಮೊದಲು ಬಿಡಿ. ಮೊಬೈಲು ಒಂದು ಸಲ ಒತ್ತಿದರೆ ಒಳಗೊಳಗೇ ಹಲವು ಫೋಟೊ ತೆಗೆದು, ಬೆಳಕು ಹೆಚ್ಚಾದಲ್ಲಿ ತಗ್ಗಿಸಿ, ಕತ್ತಲಾದಲ್ಲಿ ಏರಿಸಿ, ಎಲ್ಲವನ್ನೂ ಬೆರೆಸಿ ಒಂದು ಮಾಡಿ ಕೊಡುತ್ತದೆ. ಡಿಎಸ್‌ಎಲ್‌ಆರ್ ಆಗಲಿ ಮಿರರ್‌ಲೆಸ್ ಆಗಲಿ, ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ.

ಬಿಳಚಿದ್ದು ಯಾವ ಥರ?

ಫೋಟೊವನ್ನು ಕಂಪ್ಯೂಟರಿಗೋ ಟಿವಿಗೋ ಹಾಕಿ, ನೆರಳಲ್ಲಿ ಕುಳಿತು ನೋಡಿ. ಬಿಳಿ ಅಂಗಿಯ ನೆರಿಗೆ ಅಳಿಸಿಹೋಗಿ ಬರೀ ಬಿಳಿ ತುಂಡು ಉಳಿದಿದ್ದರೆ, ಮುಖದ ಮೇಲೆ ಬಿಳಿ ಮಚ್ಚೆಗಳಂತೆ ಕಂಡರೆ, ಅದು ಬೆಳಕು ಹೆಚ್ಚಾದ ಫೋಟೊ. ಸ್ಟುಡಿಯೊದವರು ‘ಓವರ್ ಆಗ್ಯಾದ’ ಅನ್ನುವುದು ಇದಕ್ಕೇ. ಇಡೀ ಫೋಟೊದ ಮೇಲೆ ತೆಳು ಮಂಜು ಹರಡಿದಂತಿದ್ದು, ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ ಬಂದಿದ್ದರೆ ದೋಷ ಲೆನ್ಸಿನ ಮುಂದಿದೆ. ನೆರಿಗೆ, ಕೂದಲು, ಎಲೆ ಎಲ್ಲ ಸ್ಪಷ್ಟವಾಗಿದ್ದು ಬಣ್ಣ ಮಾತ್ರ ಸತ್ತಂತಿದ್ದರೆ ಮೆನುವಿನ ಒಳಗೆ ಹುಡುಕಬೇಕು. ಈ ಮೂರನ್ನು ಬೇರ್ಪಡಿಸದೆ ಕಂಡ ಕಂಡ ಗುಂಡಿ ಒತ್ತುವವರೇ ಹೆಚ್ಚು. ಒಂದು ಸರಿಮಾಡಲು ಹೋಗಿ ನಾಲ್ಕು ಕೆಡಿಸಿಕೊಳ್ಳುತ್ತಾರೆ.

ಓವರ್ ಆದ ಫೋಟೊವೇ ನಮ್ಮಲ್ಲಿ ಹೆಚ್ಚು. ಅದರಿಂದ ಶುರು ಮಾಡೋಣ.

ನಿನ್ನೆಯ ಸೆಟ್ಟಿಂಗ್, ಇವತ್ತಿನ ಬಿಸಿಲು

ಕ್ಯಾಮೆರಾವನ್ನು ಪಿ ಮೋಡ್‌ಗೆ ತಿರುಗಿಸಿ. ಅಧಿಕ-ಕಡಿಮೆ ಚಿಹ್ನೆ ಇರುವ ಗುಂಡಿ ಒತ್ತಿ, ಗೀಟಿನ ಮುಳ್ಳು ನಡುವಿನ ಸೊನ್ನೆಯಲ್ಲಿದೆಯೇ ನೋಡಿ. ಇದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂದು ಹೆಸರು. ಆಲಮಟ್ಟಿಗೆ ಹೋದಾಗ ಜಲಾಶಯದ ನೀರು, ಆಕಾಶ ಹಿಂದಿಟ್ಟುಕೊಂಡು ಮನೆಯವರನ್ನು ನಿಲ್ಲಿಸಿರುತ್ತೀರಿ. ಮುಖ ಕಪ್ಪಾಗಿರುತ್ತದೆ. ಯಾರೋ ಗೆಳೆಯರು ‘ಪ್ಲಸ್ ಒಂದ್ ಮಾಡ್ರಿ’ ಎಂದಿರುತ್ತಾರೆ. ಅಲ್ಲಿಗೆ ಅದು ಸರಿಯಾದ ಸಲಹೆಯೇ. ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಆ ಪ್ಲಸ್ ಹಾಗೇ ಉಳಿಯುತ್ತದೆ. ಮಾರನೇ ದಿನದಿಂದ ಎಲ್ಲವೂ ಬೆಳ್ಳಗೆ.

ಎರಡನೆಯದು ಐಎಸ್‌ಒ. ಗೋಳಗುಮ್ಮಟದ ಒಳಗೆ ಮಂದ ಬೆಳಕೆಂದು 3200ಕ್ಕೆ ಏರಿಸಿ, ಹೊರಗೆ ಬಂದು ಅಂಗಳದಲ್ಲಿ ಗ್ರೂಪ್ ಫೋಟೊ ತೆಗೆಯುತ್ತಾರೆ. ಮೋಡವಿಲ್ಲದ ಮಧ್ಯಾಹ್ನಕ್ಕೆ ಹಳೆಯ ಛಾಯಾಗ್ರಾಹಕರ ಲೆಕ್ಕವೊಂದಿದೆ: ಐಎಸ್‌ಒ 100, ಅಪರ್ಚರ್ ಎಫ್ 16, ಶಟರ್ ಸೆಕೆಂಡಿನ 1/100. ಅದನ್ನೇ ಎಫ್ 8ಕ್ಕೆ ತಂದರೆ 1/400, ಎಫ್ 5.6ಕ್ಕೆ 1/800. ಐಎಸ್‌ಒ 3200 ಇಟ್ಟು ಎಫ್ 5.6ರಲ್ಲಿ ತೆಗೆಯಬೇಕಾದರೆ ಶಟರ್ 1/25600ರಷ್ಟು ವೇಗವಾಗಿರಬೇಕು. ಆರಂಭಿಕ ದರ್ಜೆಯ ಬಹುತೇಕ ಡಿಎಸ್‌ಎಲ್‌ಆರ್‌ಗಳ ಮಿತಿಯೇ 1/4000. ಬೇಕಾದ್ದಕ್ಕಿಂತ ಆರು ಪಟ್ಟು ಬೆಳಕು ಒಳಗೆ ನುಗ್ಗುತ್ತದೆ. ಆಗ ವ್ಯೂಫೈಂಡರಿನಲ್ಲಿ ಶಟರ್ ಅಂಕಿ ಮಿಣುಕುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ‘ಹೈ’ ಎಂದು ತೋರಿಸುತ್ತದೆ. ಕ್ಯಾಮೆರಾ ಎಚ್ಚರಿಸುತ್ತಲೇ ಇರುತ್ತದೆ, ನಾವು ನೋಡುವುದಿಲ್ಲ. ಬಿಸಿಲಿಗೆ ಐಎಸ್‌ಒ 100, ತಪ್ಪಿದರೆ 200. ಅಷ್ಟೇ.

ಫ್ಲ್ಯಾಶ್ ಕೂಡ ಇಂಥದ್ದೇ. ಹಂದರದ ಹೊರಗೆ ಬಯಲಲ್ಲಿ, ಅಪರ್ಚರ್ ಮೋಡ್‌ನಲ್ಲಿ ಫ್ಲ್ಯಾಶ್ ಎಬ್ಬಿಸಿದರೆ ಈ ಕ್ಯಾಮೆರಾಗಳ ಶಟರ್ ಸಾಮಾನ್ಯವಾಗಿ 1/200ಕ್ಕಿಂತ ಮೇಲೇರದು. ಎಫ್ 5.6 ಇಟ್ಟಿದ್ದರೆ ನಾಲ್ಕು ಪಟ್ಟು ಬೆಳಕು ಹೆಚ್ಚಾಯಿತು. ಫ್ಲ್ಯಾಶ್ ಬೇಕೇ ಬೇಕೆಂದರೆ ಅಪರ್ಚರನ್ನು ಎಫ್ 11ಕ್ಕೆ ತನ್ನಿ.

ಎರಿ ಹೊಲದ ಮೋಸ

ಕ್ಯಾಮೆರಾಕ್ಕೆ ಎದುರಿಗಿರುವುದು ಮಣ್ಣೋ ಮಲ್ಲಿಗೆಯೋ ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದಿ ಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಡೋಣಿ ನದಿಯ ಆಚೀಚಿನ ಎರಿ ಹೊಲದಲ್ಲಿ, ಆಗತಾನೇ ರಂಟೆ ಹೊಡೆದ ಕರಿಮಣ್ಣಿನ ನಡುವೆ ಬಿಳಿ ಅಂಗಿ, ಧೋತರ, ಟೊಪ್ಪಿಗೆಯ ರೈತರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು. ‘ಬೆಳಕು ಕಡಿಮೆಯಾಯಿತು’ ಎಂದುಕೊಂಡು ಕ್ಯಾಮೆರಾ ಏರಿಸುತ್ತದೆ. ಕರಿಮಣ್ಣು ಬೂದಿಯಾಗುತ್ತದೆ, ಧೋತರ ಮಾಯವಾಗುತ್ತದೆ. ಇಲ್ಲಿ ಮುಳ್ಳನ್ನು ಮೈನಸ್ 0.7ಕ್ಕೆ ತನ್ನಿ, ಸಾಲದಿದ್ದರೆ ಮೈನಸ್ 1. ಕರಿ ಎಮ್ಮೆ, ಕರಿ ಕಂಬಳಿ, ಡಾಂಬರು ರಸ್ತೆ ತುಂಬಿದ ಚಿತ್ರಕ್ಕೂ ಇದೇ ಮದ್ದು.

ಕಣದಲ್ಲಿ ಬಿಳಿಜೋಳದ ರಾಶಿ, ಸುಣ್ಣ ಬಳಿದ ಗೋಡೆ ಚೌಕಟ್ಟು ತುಂಬಿದ್ದರೆ ಉಲ್ಟಾ ಆಗುತ್ತದೆ, ಫೋಟೊ ಮಬ್ಬಾಗುತ್ತದೆ. ಆಗ ಪ್ಲಸ್. ಕೆಲಸ ಮುಗಿದ ಮೇಲೆ ಸೊನ್ನೆಗೆ ತರುವುದನ್ನು ಮತ್ತೆ ಹೇಳಬೇಕಿಲ್ಲವಷ್ಟೆ.

ಇಂಡಿಯ ಲಿಂಬೆ ಬೆಳೆಗಾರರಿಗೆ, ವ್ಯಾಪಾರಿಗಳಿಗೆ ಒಂದು ಮಾತು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ಮೇಲೆ ಹಣ್ಣಿನ ಫೋಟೊ ಒಳ್ಳೆಯದಿರಲಿ ಎಂದು ಕ್ಯಾಮೆರಾ ಹಿಡಿದವರು ಹಳದಿ ಬಣ್ಣವೇ ಬರುತ್ತಿಲ್ಲ ಎನ್ನುತ್ತಾರೆ. ಕ್ಯಾಮೆರಾದ ಲೆಕ್ಕದಲ್ಲಿ ಹಳದಿ ಎಂದರೆ ಕೆಂಪು ಮತ್ತು ಹಸಿರು ಸೇರಿದ್ದು. ಬೆಳಕು ಹೆಚ್ಚಾದಾಗ ಇವೆರಡೂ ತುಂಬಿ ನಿಲ್ಲುತ್ತವೆ, ಹಿಂದಿದ್ದ ನೀಲಿ ಮಾತ್ರ ಏರುತ್ತ ಹೋಗುತ್ತದೆ. ಹಳದಿ ಬಿಳಿಯತ್ತ ವಾಲುತ್ತದೆ. ಹಣ್ಣಿನ ರಾಶಿಯನ್ನು ಗಿಡದ ನೆರಳಿಗೆ ತಂದು, ಮೈನಸ್ 0.7ರಲ್ಲಿ ತೆಗೆದು ನೋಡಿ. ಬಣ್ಣ ತಾನೇ ಬರುತ್ತದೆ, ಎಡಿಟಿಂಗ್ ಆಪ್‌ನಲ್ಲಿ ಹಳದಿ ಬಳಿಯುವ ಕೆಲಸ ಇರುವುದಿಲ್ಲ.

ಪರದೆ ನಂಬಿ ಕೆಟ್ಟವರು

ಇಷ್ಟೆಲ್ಲ ಸರಿಮಾಡಿಕೊಂಡವರೂ ಎಡವುವುದು ಇಲ್ಲಿ. ಏಪ್ರಿಲ್ ತಿಂಗಳ ಹನ್ನೆರಡು ಗಂಟೆಯ ಬಿಸಿಲಲ್ಲಿ ನಿಂತು ಪರದೆ ನೋಡಿದರೆ ಯಾವ ಫೋಟೊವೂ ಕಪ್ಪಾಗಿಯೇ ಕಾಣುತ್ತದೆ. ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಪರದೆಯ ಮೇಲೆ ಆಕಾಶದ ಪ್ರತಿಬಿಂಬ ಬಿದ್ದಿರುತ್ತದೆ. ‘ಕತ್ತಲಾತು’ ಎಂದು ಪ್ಲಸ್ ಮಾಡುತ್ತಾರೆ. ಈಗ ಪರದೆಯಲ್ಲಿ ಚಂದ ಕಾಣುತ್ತದೆ. ಸಂಜೆ ಮನೆಯಲ್ಲಿ ತೆರೆದರೆ ಅಷ್ಟೂ ಫೋಟೊ ಸುಣ್ಣದ ನೀರಲ್ಲಿ ಅದ್ದಿದಂತೆ. ಜಾತ್ರೆಯ ತೇರು, ಮದುವೆಯ ಅಕ್ಷತೆ ಮತ್ತೆ ಮಾಡಿಸಲಾಗುವುದಿಲ್ಲ.

ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡವರದು ಇದರ ತಿರುಗುಮುರುಗು. ಸಂಜೆ ಹೊತ್ತಲ್ಲಿ, ಮನೆಯೊಳಗೆ ಅದೇ ಪರದೆ ಸರಿ ಇರುವ ಫೋಟೊವನ್ನೂ ಬೆಳ್ಳಗೆ ತೋರಿಸುತ್ತದೆ. ಫೋಟೊ ತೆಗೆಯುವ ಮುನ್ನ ಪರದೆಯ ಬ್ರೈಟ್‌ನೆಸ್ ನಡುವಿಗೆ ತಂದಿಟ್ಟು, ಅದನ್ನು ಮುಟ್ಟುವುದನ್ನೇ ಬಿಡಿ.

ಪರದೆಯ ಚಿತ್ರದ ಬದಲು ಹಿಸ್ಟೊಗ್ರಾಮ್ ನೋಡಿ. ತೆಗೆದ ಫೋಟೊ ತೋರಿಸುವಾಗ ಕ್ಯಾನನ್‌ನಲ್ಲಿ ಇನ್ಫೋ ಅಥವಾ ಡಿಸ್ಪ್ಲೇ ಗುಂಡಿ, ಸೋನಿಯಲ್ಲಿ ಡಿಸ್ಪ್ಲೇ ಗುಂಡಿ ಒತ್ತುತ್ತ ಹೋದರೆ ಚಿಕ್ಕ ಗ್ರಾಫ್ ಬರುತ್ತದೆ. ನಿಕಾನ್‌ನಲ್ಲಿ ಮೊದಲು ಪ್ಲೇಬ್ಯಾಕ್ ಮೆನುವಿನ ಡಿಸ್ಪ್ಲೇ ಆಯ್ಕೆಗಳಲ್ಲಿ ‘ಹೈಲೈಟ್ಸ್’, ‘ಹಿಸ್ಟೊಗ್ರಾಮ್’ ಎರಡಕ್ಕೂ ಗುರುತು ಹಾಕಬೇಕು. ಆಮೇಲೆ ಮೇಲೆ-ಕೆಳಗೆ ಗುಂಡಿಯಿಂದ ಬದಲಿಸಿ ನೋಡಬಹುದು. ಈ ಗುರುತು ಹಾಕದವರು ಕ್ಯಾಮೆರಾದಲ್ಲಿ ಅಂಥದ್ದೇ ಇಲ್ಲ ಎಂದು ವಾದಿಸುತ್ತಾರೆ.

ಗ್ರಾಫ್ ಓದಲು ಲೆಕ್ಕ ಬರಬೇಕಿಲ್ಲ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ. ಗುಡ್ಡೆ ಬಲಗೋಡೆಗೆ ಒರಗಿ ಅಲ್ಲೇ ಕಡಿದುಹೋಗಿದ್ದರೆ ಬೆಳಕು ಹೆಚ್ಚಾಗಿದೆ. ಜೊತೆಗೆ ಚಿತ್ರದಲ್ಲಿ ಕೆಲವು ಭಾಗ ಕಪ್ಪು-ಬಿಳಿಯಾಗಿ ಮಿಣುಕಿದರೆ ಅಲ್ಲಿ ವಿವರ ಉಳಿದಿಲ್ಲ ಎಂದರ್ಥ. ಮಿಣುಕುತ್ತಿರುವುದು ಸೂರ್ಯನೋ ಸ್ಟೀಲ್ ಕೊಡದ ಹೊಳಪೋ ಆಗಿದ್ದರೆ ಚಿಂತೆಯಿಲ್ಲ. ಮುಖ, ಅಂಗಿ, ಸೀರೆಯ ಜರಿ ಮಿಣುಕಿದರೆ ಮುಳ್ಳನ್ನು ಮೂರನೇ ಒಂದರಷ್ಟು ಮೈನಸ್ ಕಡೆ ಸರಿಸುತ್ತ, ಮಿಣುಕು ನಿಲ್ಲುವವರೆಗೆ ಮತ್ತೆ ತೆಗೆಯಿರಿ. ಬಿಸಿಲು ಎಷ್ಟೇ ಇರಲಿ, ಈ ಗ್ರಾಫ್ ಸುಳ್ಳು ಹೇಳುವುದಿಲ್ಲ.

ರೀಲ್ ಕ್ಯಾಮೆರಾದಲ್ಲಿ ಕೈ ಪಳಗಿದ ಹಿರಿಯ ಸ್ಟುಡಿಯೊದವರಿಗೂ ಈ ಮಾತು ಸಲ್ಲುತ್ತದೆ. ನೆಗೆಟಿವ್‌ಗೆ ಒಂದಿಷ್ಟು ಹೆಚ್ಚು ಬೆಳಕು ಕೊಟ್ಟರೆ ತಡೆದುಕೊಳ್ಳುತ್ತಿತ್ತು, ಪ್ರಿಂಟ್ ಹಾಕುವಾಗ ಸರಿ ಹೋಗುತ್ತಿತ್ತು. ‘ಹೆಚ್ಚಿದ್ದರೆ ಇರಲಿ, ಕಡಿಮೆ ಬೇಡ’ ಎಂಬುದು ಆ ಕಾಲದ ಸರಿಯಾದ ರೂಢಿ. ಡಿಜಿಟಲ್‌ನಲ್ಲಿ ಬಿಳಿ ತುಂಬಿ ಹರಿದರೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರದು. ತುಸು ಕಪ್ಪಾದದ್ದನ್ನು ಏರಿಸಬಹುದು.

ಇನ್ನೂ ಒಂದು: ಬಿಸಿಲುಗಾಲದಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಯಲಲ್ಲಿ ಜನರನ್ನು ನಿಲ್ಲಿಸಿ ತೆಗೆಯಲೇಬೇಡಿ. ಸೆಟ್ಟಿಂಗ್ ಎಷ್ಟು ಸರಿಯಿದ್ದರೂ ಕಣ್ಣು ಕಿರಿದಾಗಿ, ಮೂಗಿನ ಕೆಳಗೆ ಕರಿ ನೆರಳು ಬೀಳುತ್ತದೆ. ಬೇವಿನ ಗಿಡದ ಕೆಳಗೋ ಪಡಸಾಲೆಯ ಬಾಗಿಲಿಗೋ ಕರೆತನ್ನಿ.

ಮಂಜು ಕವಿದಂತಿದ್ದರೆ

ಲೆನ್ಸಿನ ಮುಂದಿನ ಫಿಲ್ಟರ್ ಬಿಚ್ಚಿ, ಅದೇ ಫೋಟೊ ಮತ್ತೆ ತೆಗೆಯಿರಿ. ಕ್ಯಾಮೆರಾ ಜೊತೆ ‘ಲೆನ್ಸ್ ಸೇಫ್ ಇರ್ತದ್ರಿ’ ಎಂದು ಅಂಗಡಿಯವರು ಹಾಕಿಕೊಡುವ ಅಗ್ಗದ ಯುವಿ ಫಿಲ್ಟರ್ ಬೆಳಕನ್ನು ಒಳಗೇ ಪ್ರತಿಫಲಿಸಿ ಮಬ್ಬು ತರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ದುಡ್ಡಿಗೆ ಲೆನ್ಸ್ ಹುಡ್ ಕೊಳ್ಳುವುದು ಲೇಸು. ಹುಡ್ ಇದ್ದವರು ಅದನ್ನು ಚೀಲದಲ್ಲಿಟ್ಟಂತೆ ಹಿಂದುಮುಂದಾಗಿಯೇ ಸಿಕ್ಕಿಸಿಕೊಂಡು ಫೋಟೊ ತೆಗೆಯುವುದನ್ನೂ ಕಂಡಿದ್ದೇನೆ. ಹಾಗಿದ್ದರೆ ಪ್ರಯೋಜನವಿಲ್ಲ, ತಿರುಗಿಸಿ ಹಾಕಿ. ಹುಡ್ ಇಲ್ಲದಿದ್ದರೆ ಸೂರ್ಯನ ಕಡೆ ಅಂಗೈ ಅಡ್ಡ ಹಿಡಿಯಿರಿ. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದಿದ್ದರಾಯಿತು.

ಧೂಳು, ಬೆರಳಿನ ಜಿಡ್ಡು ಇನ್ನೊಂದು ಕಾರಣ. ರಾಶಿಯ ಕಾಲದಲ್ಲಿ, ಜಾತ್ರೆಯಲ್ಲಿ ಏಳುವ ಧೂಳು ಎಲ್ಲಿ ಬೇಕಾದರೂ ಹೊಕ್ಕುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೈಕ್ರೊಫೈಬರ್ ಬಟ್ಟೆ. ಧೋತರದ ಚುಂಗಿನಿಂದಲೋ ಸೀರೆ ಸೆರಗಿನಿಂದಲೋ ಉಜ್ಜಿದರೆ ಮಣ್ಣಿನ ಕಣ ಗಾಜಿನ ಮೇಲೆ ಗೀರು ಎಳೆಯುತ್ತದೆ. ಎಸಿ ಕಾರಿನಿಂದ ಮಳೆಗಾಲದ ಸೆಕೆಗೆ ಇಳಿದ ಕೂಡಲೇ ಲೆನ್ಸ್ ಬೆವರಬಹುದು. ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ.

ಬಣ್ಣ ಮಾತ್ರ ಸತ್ತಿದ್ದರೆ

ಪಿಕ್ಚರ್ ಸ್ಟೈಲ್ ಅಥವಾ ಪಿಕ್ಚರ್ ಕಂಟ್ರೋಲ್ ‘ಫ್ಲ್ಯಾಟ್’, ‘ನ್ಯೂಟ್ರಲ್’ ಆಗಿದ್ದರೆ ‘ಸ್ಟ್ಯಾಂಡರ್ಡ್’ ಮಾಡಿ. ಯೂಟ್ಯೂಬ್ ನೋಡಿ ವಿಡಿಯೊಕ್ಕೆಂದು ಎಸ್-ಲಾಗ್ ಹಾಕಿಕೊಂಡವರು ಫೋಟೊಕ್ಕೆ ಅದನ್ನು ತೆಗೆಯಿರಿ. ಕಲರ್ ಸ್ಪೇಸ್ ‘ಅಡೋಬಿ ಆರ್‌ಜಿಬಿ’ ಇದ್ದರೆ ಮೊಬೈಲಿನಲ್ಲಿ, ಲ್ಯಾಬ್ ಪ್ರಿಂಟಿನಲ್ಲಿ ಬಣ್ಣ ಸಪ್ಪೆಯಾಗಬಹುದು, ‘ಎಸ್‌ಆರ್‌ಜಿಬಿ’ ಮಾಡಿ. ರಾ ಫೈಲ್ ಎಡಿಟ್ ಮಾಡದೆ ಹಾಗೇ ನೋಡಿದರೂ ಸಪ್ಪೆಯೇ. ಸದ್ಯಕ್ಕೆ ಜೆಪಿಇಜಿ ಸಾಕು.

ಇಷ್ಟಾದರೂ ಸರಿಹೋಗದಿದ್ದರೆ ಕೊನೆಯ ಪರೀಕ್ಷೆ. ಬಿಸಿಲು ಬಿದ್ದ ಒಂದು ಗೋಡೆ, ಎಂ ಮೋಡ್, ಐಎಸ್‌ಒ 100. ಒಂದು ಫೋಟೊ ಎಫ್ 4, 1/1600ರಲ್ಲಿ. ಇನ್ನೊಂದು ಎಫ್ 8, 1/400ರಲ್ಲಿ. ಎರಡೂ ಒಂದೇ ಬೆಳಕಲ್ಲಿ ಬರಬೇಕು. ಎರಡನೆಯದು ಬಹಳ ಬೆಳ್ಳಗಾದರೆ ಲೆನ್ಸಿನ ಅಪರ್ಚರ್ ಎಲೆಗಳು ಸಿಕ್ಕಿಕೊಂಡಿರಬಹುದು. ಅದು ರಿಪೇರಿಯ ಕೆಲಸ, ಕೈಯಾರೆ ಬಿಚ್ಚಬೇಡಿ. ಬಿಲ್ಲು, ವಾರಂಟಿ ಕಾರ್ಡು ಮತ್ತು ಈ ಎರಡು ಫೋಟೊ ಇರುವ ಮೆಮೊರಿ ಕಾರ್ಡು ಜೊತೆಗೊಯ್ಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸೆಟ್ಟಿಂಗಿನ ವಿವರ ಉಳಿದಿರುವುದಿಲ್ಲ, ಅದನ್ನು ತೋರಿಸಿ ಪ್ರಯೋಜನವಿಲ್ಲ.