ಕಾಣದ ಅಜ್ಜಿಗಾಗಿ ಹೋಲ್ಡಾನ್

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಅಳುವುದೊಂದು ಬಾಕಿ ಇತ್ತು. ಇಲ್ಫರ್ಡಿನಿಂದ ಮೈಲ್ ಎಂಡ್‌ನ ಕಾಲೇಜು ಮುಟ್ಟುವಷ್ಟರಲ್ಲಿ 25ನೇ ನಂಬರಿನ ಬಸ್ಸು ಜೀವ ಹಿಂಡುತ್ತದೆ, ಈ ಲಂಡನ್ನೇ ಬೇಡ ಅನ್ನಿಸುತ್ತದೆ ಎಂದೆ. ಈ ಊರಿನ ಬಸ್ಸುಗಳಲ್ಲಿ ಬಹಳ ವರ್ಷ ಕೂತವಳು ನಾನು. ದೊಡ್ಡಮ್ಮನ ಮಾತು ಸ್ವಲ್ಪ ಕೇಳು.

ದಾರಿ ಖಾಲಿ ಇದ್ದರೂ ಬಸ್ಸು ಸ್ಟಾಪಿನಲ್ಲಿ ನಿಂತುಬಿಡುತ್ತದೆ, ಬಸ್ಸುಗಳ ನಡುವಿನ ಅಂತರ ಸರಿಪಡಿಸಲು ಸ್ವಲ್ಪ ಹೊತ್ತು ನಿಲ್ಲುತ್ತೇವೆ ಎಂದು ಧ್ವನಿ ಬರುತ್ತದಲ್ಲ, ನಿನಗೆ ಸಿಟ್ಟು ನೆತ್ತಿಗೇರುವುದು ಆಗಲೇ. ನನಗೂ ಹಾಗೇ ಆಗಿತ್ತು. ಒಂದು ಚಳಿಗಾಲ ಆ ಧ್ವನಿ ಕೇಳಿದ್ದೇ ಇಳಿದು ನಡೆದೆ. ಎರಡು ಸ್ಟಾಪು ನಡೆಯುವುದರೊಳಗೆ ಅದೇ ಬಸ್ಸು ನನ್ನನ್ನು ದಾಟಿ ಹೋಯಿತು. ನನ್ನ ಬೆರಳು ಮರಗಟ್ಟಿದ್ದವು.

ಯಾಕೆ ನಿಲ್ಲಿಸುತ್ತಾರೆಂದು ಆಮೇಲೆ ತಿಳಿಯಿತು. ಒಂದು ಬಸ್ಸು ತಡವಾದರೆ ಅದಕ್ಕೆ ಕಾಯುವವರು ಹೆಚ್ಚುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡ. ಅದರ ಹಿಂದಿನದಕ್ಕೆ ಜನ ಕಡಿಮೆಯಾಗಿ, ಬೇಗ ಬೇಗ ಬಂದು ಅದರ ಬಾಲ ಹಿಡಿಯುತ್ತದೆ. ಕೊನೆಗೆ ಎರಡು ಮೂರು ಬಸ್ಸು ಒಟ್ಟಿಗೇ ಬಂದು ಹೋದರೆ, ಆಮೇಲೆ ಬಹಳ ಹೊತ್ತು ಒಂದೂ ಇಲ್ಲ. ಮುಂದಿನ ಸ್ಟಾಪಿಗೆ ಈಗಷ್ಟೇ ನಡೆದು ಬರುತ್ತಿರುವ ಯಾರೋ ಆ ಚಳಿಯಲ್ಲಿ ಉಳಿಯಬಾರದೆಂದು ನಿನ್ನ ಬಸ್ಸು ನಿಂತಿರುತ್ತದೆ.

ನಮ್ಮೂರ ಬಸ್ಸು ನೆನಪಿದೆಯಾ? ಗದ್ದೆ ಬದುವಿನ ಮೇಲೆ ಅಜ್ಜಿಯೊಬ್ಬಳು ಓಡಿಬರುತ್ತಿದ್ದರೆ ಕಂಡಕ್ಟರು ‘ಹೋಲ್ಡಾನ್’ ಎಂದು ಕೂಗುತ್ತಿದ್ದ. ಯಾರೂ ಗೊಣಗುತ್ತಿರಲಿಲ್ಲ, ಅಜ್ಜಿ ಎಲ್ಲರ ಕಣ್ಣಿಗೂ ಕಾಣುತ್ತಿದ್ದಳು. ಇಲ್ಲಿ ಅವಳು ಕಾಣುವುದಿಲ್ಲ, ಅಷ್ಟೇ. ಕಾಣದವರಿಗಾಗಿ ಕಾಯುವುದನ್ನು ನಾನು ಕಲಿತದ್ದು ಈ ಊರಿನಲ್ಲಿ.

ಕೆಲವು ಸಲ ಕಾಣುತ್ತಾರೆ ಕೂಡ. ಗಾಲಿಕುರ್ಚಿಯವರು ಬಂದರೆ ನಡುಬಾಗಿಲಿನಿಂದ ಇಳಿಜಾರು ಹಲಗೆ ಹೊರಚಾಚುತ್ತದೆ. ಅವರು ಹತ್ತಿ, ತಮ್ಮ ಜಾಗಕ್ಕೆ ಬಂದು ನೆಲೆಯಾಗುವ ತನಕ ಬಸ್ಸು ಕದಲುವುದಿಲ್ಲ. ಆಗ ಗಡಿಯಾರ ನೋಡಬೇಡ ಮಗಳೇ. ಅವರಿಗೆ ಮುಜುಗರವಾಗುತ್ತದೆ. ಸರಿದು ದಾರಿ ಬಿಡು.

ತಾಳ್ಮೆ ಅಂದರೆ ಉದಾಸೀನವಲ್ಲ. ದಿನವೂ ಅರ್ಧ ಗಂಟೆ ಮೊದಲೇ ಮನೆ ಬಿಡು. ಹೊತ್ತು ಕೈಯಲ್ಲಿದ್ದವರಿಗೆ ತಾಳ್ಮೆ ತಾನಾಗಿ ಬರುತ್ತದೆ. ಪರೀಕ್ಷೆ ಇದ್ದ ದಿನ ಬಸ್ಸಿನ ಗೊಡವೆಯೇ ಬೇಡ. ಇಲ್ಫರ್ಡಿನಿಂದ ಸ್ಟ್ರಾಟ್‌ಫರ್ಡಿನವರೆಗೆ ರೈಲು, ಅಲ್ಲಿ ಸೆಂಟ್ರಲ್ ಲೈನ್ ಹಿಡಿದರೆ ಮುಂದಿನ ನಿಲ್ದಾಣವೇ ಮೈಲ್ ಎಂಡ್. ಬಸ್ಸು ತುಂಬಿ ಉಸಿರು ಕಟ್ಟಿದರೆ ಇಳಿದು ಇನ್ನೊಂದಕ್ಕೆ ಕಾಯಿ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ, ಅದೇ ಕಾರ್ಡು ತೋರಿಸಿದರೆ ಒಂದೇ ಸಲದ ದುಡ್ಡು. 2018ರಿಂದ ಆ ಅನುಕೂಲ ಇದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳು. ನಿನಗಿಂತ ಎಷ್ಟೋ ಹೆಚ್ಚು ಹೊತ್ತು ಅದೇ ಟ್ರಾಫಿಕ್ಕಿನಲ್ಲಿ ಕೂತಿರುವವರು ಅವರು.

ನಾಳೆ ಬಸ್ಸು ನಿಂತು ಆ ಧ್ವನಿ ಬಂದಾಗ ಮನಸ್ಸಿನಲ್ಲೇ ಒಂದು ಸಲ ‘ಹೋಲ್ಡಾನ್’ ಅಂದುಕೋ. ಮುಂದಿನ ಸ್ಟಾಪು ಬಂದಾಗ ಏದುಸಿರು ಬಿಡುತ್ತ ಕೊನೆಗೆ ಹತ್ತುವವರ ಮುಖ ನೋಡು. ಸಂಜೆ ಫೋನ್ ಮಾಡಿದಾಗ ಯಾರು ಹತ್ತಿದರು ಅಂತ ನನಗೆ ಹೇಳು.

ನಿನ್ನ ದೊಡ್ಡಮ್ಮ