ಉಗಾಂಡಕ್ಕೆ ಮೊದಲು ಶರಾವತಿ: ಶಿವಾಜಿನಗರದಿಂದ ಸಿಂಗಳೀಕದ ಕಾಡಿಗೆ

ಮುಂಬೈಯಿಂದ ಎಂಟೆಬೆಗೆ ಉಗಾಂಡ ಏರ್‌ಲೈನ್ಸ್ 2023ರಲ್ಲಿ ನೇರ ವಿಮಾನ ಶುರುಮಾಡಿದ ಮೇಲೆ ಪುಣೆಯವರಿಗೆ ಗೊರಿಲ್ಲಾ ಕಾಡು ತೀರಾ ದೂರದ್ದೇನಲ್ಲ. ಕೈಗೆಟುಕದೆ ಉಳಿದಿರುವುದು ಅದರ ಖರ್ಚು. ಬ್ವಿಂಡಿ ರಾಷ್ಟ್ರೀಯ ಉದ್ಯಾನದಲ್ಲಿ ಹೊರದೇಶದ ಒಬ್ಬರಿಗೆ ಬರೀ ಪರ್ಮಿಟ್ಟಿಗೇ 800 ಡಾಲರ್. ಪಕ್ಕದ ರುವಾಂಡದಲ್ಲಿ 1500. ಇಷ್ಟು ಸುರಿದ ಮೇಲೆ ಗೊರಿಲ್ಲಾಗಳ ಎದುರು ಸಿಗುವುದು ಒಂದು ಗಂಟೆ. ಒಂದು ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, 15 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಕೆಮ್ಮು ನೆಗಡಿ ಇದ್ದವರಿಗೂ ಇಲ್ಲ, ಮುಖಕ್ಕೆ ಮಾಸ್ಕ್, ನಡುವೆ ಹತ್ತು ಮೀಟರ್ ಅಂತರ. ಇವನ್ನೆಲ್ಲ ಪ್ರವಾಸದ ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. ನನ್ನ ಎಣಿಕೆಯಲ್ಲಿ ಆ ದುಡ್ಡಿಗೆ ಸಿಗುವ ಮುಖ್ಯ ಸರಕೇ ಈ ಕಟ್ಟುಪಾಡು. ಅದನ್ನು ನಾವೇ ನಮಗೆ ಹಾಕಿಕೊಂಡರೆ ಪುಣೆಯ ಶಿವಾಜಿನಗರದಿಂದ ಒಂದು ರಾತ್ರಿಯ ದಾರಿಯಲ್ಲಿ, ಶರಾವತಿ ಮತ್ತು ಅಘನಾಶಿನಿ ಕಣಿವೆಗಳಲ್ಲಿ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ಇಲ್ಲದ ಸಿಂಗಳೀಕವನ್ನು ನೋಡಿ ಬರಬಹುದು. ಆಫ್ರಿಕಾಕ್ಕೆ ಹೋಗಲೇಬೇಡಿ ಎಂದು ಹೇಳುತ್ತಿಲ್ಲ. ಮೊದಲು ಇಲ್ಲಿಗೆ ಹೋಗಿ, ಅಲ್ಲಿಯ ನಿಯಮ ಇಟ್ಟುಕೊಂಡು ಹೋಗಿ ಎನ್ನುತ್ತಿದ್ದೇನೆ.

ಆ ನಿಯಮಗಳು ಯಾರೋ ಅಧಿಕಾರಿ ಕೂತಲ್ಲೇ ಬರೆದವಲ್ಲ. ಬ್ವಿಂಡಿಯಲ್ಲಿ ಗೊರಿಲ್ಲಾ ಪ್ರವಾಸ ಶುರುವಾದದ್ದು 1993ರಲ್ಲಿ. 1996ರಲ್ಲಿ ಅಲ್ಲಿನ ಒಂದು ಗುಂಪಿಗೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು. ಅದು ಮನುಷ್ಯರಿಂದ ಬಂದ ಕಜ್ಜಿ ಎಂಬ ಅನುಮಾನದ ಬೆನ್ನು ಹತ್ತಿದ ಪಶುವೈದ್ಯೆ ಗ್ಲ್ಯಾಡಿಸ್ ಕಲೆಮಾ-ಜಿಕುಸೋಕಾ ಮುಂದೆ ಕಾಡಂಚಿನ ಹಳ್ಳಿಗಳ ಆರೋಗ್ಯವನ್ನೂ ಗೊರಿಲ್ಲಾಗಳ ಆರೋಗ್ಯವನ್ನೂ ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆಯನ್ನೇ ಕಟ್ಟಿದರು. 2013ರಲ್ಲಿ ಅದೇ ದೇಶದ ಕಿಬಾಲೆ ಕಾಡಿನ ಕನ್ಯಾವರಾ ಗುಂಪಿನಲ್ಲಿ ಐದು ಚಿಂಪಾಂಜಿಗಳು ಉಸಿರಾಟದ ಕಾಯಿಲೆಯಿಂದ ಸತ್ತವು. ಕಾರಣ ರೈನೋವೈರಸ್ ಸಿ. ನಮ್ಮ ಮಕ್ಕಳಿಗೆ ಬಂದರೆ ಶಾಲೆಗೆ ಎರಡು ದಿನ ರಜೆ ಹಾಕಿಸುವ ನೆಗಡಿಯ ವೈರಸ್ಸು. ಇನ್ನೊಂದು ಮಗ್ಗುಲೂ ಇದೆ. ಬಿಗಿ ಕಾವಲು, ಪಶುವೈದ್ಯರ ನಿಗಾ, ಪರ್ಮಿಟ್ ದುಡ್ಡು ಎಲ್ಲ ಸೇರಿ ಬೆಟ್ಟದ ಗೊರಿಲ್ಲಾಗಳ ಸಂಖ್ಯೆ ಸಾವಿರ ದಾಟಿ, 2018ರಲ್ಲಿ ಅವು ಅಳಿವಿನ ಅತಿ ಗಂಡಾಂತರದ ಪಟ್ಟಿಯಿಂದ ಒಂದು ಮೆಟ್ಟಿಲು ಈಚೆ ಬಂದವು. ಮನುಷ್ಯ ಹತ್ತಿರ ಹೋಗುವುದರಿಂದ ಈ ಪ್ರಾಣಿಗಳಿಗೆ ಆಗುವ ಕೇಡೂ ನಿಜ, ಅಳತೆ ಮೀರದೆ ಹೋದರೆ ಆಗುವ ಒಳ್ಳೆಯದೂ ನಿಜ.

ಈಗ ನಮ್ಮ ಕಾಡಿಗೆ ಬರೋಣ. ಸಿಂಗಳೀಕಗಳ ಒಟ್ಟು ಸಂಖ್ಯೆ ನಾಲ್ಕು ಸಾವಿರಕ್ಕಿಂತ ಕಡಿಮೆ ಎಂಬುದು ತಜ್ಞರ ಅಂದಾಜು. ಕೇರಳ, ತಮಿಳುನಾಡು, ಕರ್ನಾಟಕದ ಘಟ್ಟಗಳಲ್ಲಿ ತುಂಡು ತುಂಡಾಗಿ ಉಳಿದ ನಿತ್ಯಹಸಿರು ಕಾಡೇ ಅವುಗಳ ಮನೆ. ಆ ಸಾಲಿನ ಉತ್ತರದ ತುದಿ ಶಿರಸಿ-ಹೊನ್ನಾವರದ ಕಾಡು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್, ಅವರ ಜೊತೆ ಹೊನ್ನವಳ್ಳಿ ಕುಮಾರ ಈ ಕಾಡುಗಳಲ್ಲಿ ಸುತ್ತಾಡಿ ಮೂವತ್ತಕ್ಕೂ ಹೆಚ್ಚು ಗುಂಪುಗಳಿವೆ ಎಂದು ತೋರಿಸಿದ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. 2019ರಲ್ಲಿ ಅದನ್ನೂ ಹಳೆಯ ಶರಾವತಿ ಅಭಯಾರಣ್ಯವನ್ನೂ ನಡುವಿನ ಕಾಡನ್ನೂ ಕೂಡಿಸಿ 930 ಚದರ ಕಿ.ಮೀ.ಯ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ಘೋಷಿಸಲಾಯಿತು. ಇದೇ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಾದ-ವಿವಾದವೂ ನಡೆದಿದೆ. ಅದು ಇನ್ನೊಂದು ಲೇಖನದ ಮಾತು. ಪ್ರವಾಸಿ ತಿಳಿದಿರಬೇಕಾದದ್ದು ಇಷ್ಟು: ಸಿಂಗಳೀಕ ಮರದ ಮೇಲಿನ ಜೀವ, ನೆಲಕ್ಕೆ ಇಳಿಯುವುದು ಅಪರೂಪ. ಮೈಯೆಲ್ಲ ಕಡುಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲೊಂದು ಕುಚ್ಚು. ಹಲಸು, ಅತ್ತಿ, ಉಪ್ಪಾಗೆ ಹಣ್ಣು ಕಿತ್ತು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಇನ್ನೊಂದು ಕೊಂಬೆಗೆ ಹೋಗಿ ನಿಧಾನವಾಗಿ ಅಗಿಯುತ್ತದೆ. ಹಣ್ಣಿಲ್ಲದ ಹೊತ್ತಿನಲ್ಲಿ ಒಣಗಿದ ತೊಗಟೆ ಸಿಗಿದು, ಪಾಚಿ ಕೆದಕಿ ಹುಳ ಹುಡುಕುತ್ತದೆ. ಕಾಡಿನಲ್ಲಿ ಅದು ಇರುವುದು ಗೊತ್ತಾಗುವುದು ಹೆಚ್ಚಾಗಿ ಹೀಗೇ: ಮೇಲಿನಿಂದ ತೊಗಟೆಯ ಚೂರು ಉದುರುತ್ತದೆ, ತಲೆ ಎತ್ತಿದರೆ ಎಲೆಗಳ ನಡುವೆ ಒಂದು ಕುಚ್ಚು ತೂಗುತ್ತಿರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಮಂಗ ನೋಡಲು ಅಷ್ಟು ದೂರ ಹೋಗಬೇಕೇ, ಸಿಂಹಗಡದ ಮೆಟ್ಟಿಲಲ್ಲಿ, ಜೋಗದ ಪಾರ್ಕಿಂಗಿನಲ್ಲಿ ಕೈಯಲ್ಲಿದ್ದ ಚೀಲವನ್ನೇ ಕಸಿಯುವಷ್ಟು ಇಲ್ಲವೇ? ಇವೆ, ಅವೇ ನನ್ನ ಸಾಕ್ಷಿ. ನಾವು ಕೊಟ್ಟ ಬಿಸ್ಕತ್ತು, ಬಾಳೆಹಣ್ಣಿನಿಂದ ಅವು ಕಾಡು ಬಿಟ್ಟು ರಸ್ತೆಗೆ ಬಿದ್ದಿವೆ. ಸಿಂಗಳೀಕಕ್ಕೂ ಅದೇ ಗತಿ ಬರಬಹುದು ಎಂಬುದನ್ನು ತಮಿಳುನಾಡಿನ ವಾಲ್ಪಾರೈ ತೋರಿಸಿದೆ. ಅಲ್ಲಿ ಚಹಾ ತೋಟಗಳ ನಡುವೆ ಉಳಿದ ಪುದುತ್ತೋಟಂ ಕಾಡಿನ ಗುಂಪು ಊರೊಳಗೆ ಬರುತ್ತದೆ, ಅಡುಗೆಮನೆಗೆ ನುಗ್ಗುತ್ತದೆ, ವಾಹನಕ್ಕೆ ಸಿಕ್ಕು ಸಾಯುತ್ತದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿ, ವಾಹನ ನಿಧಾನಿಸಲು ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ನೋಡಲು ಸುಲಭ ಎಂದು ವಾಲ್ಪಾರೈಗೇ ಹೋಗುವವರನ್ನು ತಡೆಯಲಾರೆ. ಆದರೆ ಅಲ್ಲಿ ಸಿಗುವ ಚಿತ್ರ ತಗಡಿನ ಮಾಡಿನ ಮೇಲೆ ಕೂತ ಸಿಂಗಳೀಕದ್ದು, ಅದರ ಬದುಕಿನದಲ್ಲ. ಹೊನ್ನಾವರ ರಸ್ತೆಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಕಿಟಕಿಯಿಂದ ಚಿಪ್ಸ್ ಚಾಚುವವರು ಶರಾವತಿಯನ್ನೂ ಅದೇ ದಾರಿಗೆ ತರುತ್ತಿದ್ದಾರೆ. ಒಂದು ಬಿಸ್ಕತ್ತಿನಿಂದ ಏನಾದೀತು ಎಂಬ ಮಾತು, ದಿನಕ್ಕೆ ನೂರು ಕಾರು ಹಾಯುವ ರಸ್ತೆಯಲ್ಲಿ ನಿಲ್ಲುವುದಿಲ್ಲ.

ಯಾವಾಗ ಹೋಗಬೇಕು ಎಂಬುದು ಈ ಪ್ರವಾಸದ ಅತಿ ಕಠಿಣ ಪ್ರಶ್ನೆ. ಅದರ ಅರ್ಧ ಉತ್ತರ ಶಿವಾಜಿನಗರದಲ್ಲೇ ಇದೆ. ಜನ ಇಂದಿಗೂ ಸಿಮ್ಲಾ ಆಫೀಸ್ ಎಂದು ಕರೆಯುವ ಹವಾಮಾನ ಇಲಾಖೆಯ ಕಟ್ಟಡಕ್ಕೆ ಆ ಹೆಸರು ಬಂದದ್ದು 1928ರಲ್ಲಿ ಇಲಾಖೆ ಶಿಮ್ಲಾದಿಂದ ಪುಣೆಗೆ ಬಂದುದರಿಂದ. ಅವರ ಲೆಕ್ಕದಲ್ಲಿ ಜೂನ್ ಮೊದಲ ವಾರಕ್ಕೆ ಕರಾವಳಿ ಕರ್ನಾಟಕಕ್ಕೆ ಮುಂಗಾರು ತಲುಪಬೇಕು. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಕಣಿವೆಯಲ್ಲಿ ಮಳೆ, ಮಂಜು, ಇಂಬಳ. ದುರ್ಬೀನಿನ ಗಾಜು ಒರೆಸುವುದರಲ್ಲೇ ದಿನ ಕಳೆದೀತು. ಹಾಗಾದರೆ ಚಳಿಗಾಲ, ಬೇಸಗೆ? ಅಲ್ಲಿ ಮಂಗನ ಕಾಯಿಲೆ ಕಾದಿರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಆಫ್ರಿಕಾದ ಹಳದಿ ಜ್ವರ ಏಷ್ಯಾಕ್ಕೂ ಬಂದೇಬಿಟ್ಟಿತೇ ಎಂದು ವೈದ್ಯರು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅದು ಉಣುಗಿನಿಂದ ಹರಡುವ ಬೇರೆಯೇ ವೈರಸ್ ಎಂದು ಕಂಡುಹಿಡಿದರು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಯಲ್ಲಿ ಕಾಯುತ್ತವೆ. ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. 2018-19ರಲ್ಲಿ ಅದು ಜೋರಾಗಿ ಎದ್ದದ್ದು ಸಾಗರ ತಾಲೂಕಿನ ಅರಳಗೋಡಿನಲ್ಲಿ, ಅಂದರೆ ಇದೇ ಶರಾವತಿ ಸೀಮೆಯಲ್ಲಿ.

ಆದ್ದರಿಂದ ನನ್ನ ಸಲಹೆ ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಇಂಬಳ ಇನ್ನೂ ಇರುತ್ತವೆ, ಉಣುಗಿನ ಕಾಲ ಬಂದಿರುವುದಿಲ್ಲ. ಇಂಬಳಕ್ಕೆ ಉದ್ದನೆಯ ಕಾಲುಚೀಲ ಸಾಕು; ಅದು ರಕ್ತ ಕುಡಿದು ಉದುರುತ್ತದೆ, ರೋಗ ಕೊಡುವುದಿಲ್ಲ. ರಜೆ ಸಿಗುವುದೇ ಜನವರಿಯಲ್ಲಿ ಎಂದಾದರೆ ಹೋಗಬಾರದೆಂದಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆ ಅಲ್ಲಿನವರಿಗೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಆ ಸುತ್ತಿನಲ್ಲಿ ಮಂಗ ಸತ್ತಿದೆ ಎಂದು ಊರವರು ಹೇಳಿದರೆ ಆ ಕಾಡನ್ನು ಬಿಟ್ಟುಬಿಡಿ. ಪುಣೆಗೆ ವಾಪಸಾದ ಒಂದೆರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವರು ಡೆಂಗಿ ಎಂದುಕೊಳ್ಳುವುದು ಸಹಜ.

ದಾರಿಯ ವಿಷಯ ಬೇಗ ಮುಗಿಯುತ್ತದೆ. ಶಿವಾಜಿನಗರದಿಂದ ಮೆಟ್ರೋ ಹತ್ತಿ ಮುಂದಿನ ನಿಲ್ದಾಣ ಸಿವಿಲ್ ಕೋರ್ಟಿನಲ್ಲಿ ಬದಲಾಯಿಸಿದರೆ ಎರಡೇ ನಿಲ್ದಾಣಕ್ಕೆ ಪುಣೆ ರೈಲು ನಿಲ್ದಾಣ. ಅಲ್ಲಿಂದ ಹುಬ್ಬಳ್ಳಿಗೆ 2024ರ ಸೆಪ್ಟೆಂಬರಿನಿಂದ ವಂದೇ ಭಾರತ್ ಇದೆ. ವಾರದ ಎಲ್ಲ ದಿನ ಓಡುವುದಿಲ್ಲ, ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ. ಬಸ್ಸೇ ಇಷ್ಟವಾದರೆ ಅದೇ ಮೆಟ್ರೋದಲ್ಲಿ ಬದಲಾಯಿಸದೆ ಸ್ವಾರಗೇಟಿಗೆ ಹೋಗಬಹುದು. ಶಿವಾಜಿನಗರದ ಹಳೆಯ ಬಸ್ ನಿಲ್ದಾಣವನ್ನು ಮೆಟ್ರೋ ಕಾಮಗಾರಿಗಾಗಿ ವಾಕ್ಡೇವಾಡಿಗೆ ಸ್ಥಳಾಂತರಿಸಿದ್ದು ಹೊಸಬರಿಗೆ ತಿಳಿದಿರಲಿ. ಹುಬ್ಬಳ್ಳಿಯಿಂದ ಶಿರಸಿ ಸುಮಾರು ನೂರು ಕಿ.ಮೀ., ಶಿರಸಿಯಿಂದ ಸಿದ್ದಾಪುರ ಒಂದು ತಾಸಿನ ಮೇಲೆ. ಬೀಡುಬಿಡಲು ಸಿದ್ದಾಪುರದ ಸುತ್ತಿನ ಹೋಂಸ್ಟೇಗಳು, ಇಲ್ಲವೇ ಜೋಗದ ಕಡೆ ಜಂಗಲ್ ಲಾಡ್ಜಸ್‌ನ ಶರಾವತಿ ಅಡ್ವೆಂಚರ್ ಕ್ಯಾಂಪ್. ಮಾವಿನಗುಂಡಿಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನು ನೋಡತಕ್ಕದ್ದು: ಜೌಗು ನೆಲದಲ್ಲಿ ಬೇರುಗಳನ್ನು ಮೇಲಕ್ಕೆತ್ತಿ ನಿಂತ ಕಾಡುಜಾಯಿಕಾಯಿ ಮರಗಳು, ಮೇಲೆ ಸಿಂಗಳೀಕದ ಓಡಾಟ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ವನ್ಯಜೀವಿ ಕಾಯ್ದೆಯಂತೆ ಅಪರಾಧ. ವಲಯ ಅರಣ್ಯಾಧಿಕಾರಿ ಕಚೇರಿಗೆ ಮೊದಲೇ ಪತ್ರ ಬರೆದು, ಊರಿನವರೊಬ್ಬರನ್ನು ಮಾರ್ಗದರ್ಶಿಯಾಗಿ ಕೇಳಿಕೊಳ್ಳಿ.

ತಂಡದಲ್ಲಿ ನಾಲ್ಕು ಜನ ಸಾಕು, ಆರು ಮೀರಬೇಡಿ. ಬಸ್ಸು ಮಾಡಿ ಅಪಾರ್ಟ್‌ಮೆಂಟಿನ ಇಡೀ ಬಳಗ ಹೊರಟರೆ ಅದು ಜೋಗಕ್ಕೆ ಪಿಕ್ನಿಕ್, ತಪ್ಪೇನಿಲ್ಲ, ಆದರೆ ಸಿಂಗಳೀಕ ಕಾಣುವುದಿಲ್ಲ. ಜೀಪಿನ ಸಫಾರಿ ಇಲ್ಲಿ ಕೆಲಸಕ್ಕೆ ಬಾರದು. ಒತ್ತೊತ್ತಾದ ಕಾಡಿನಲ್ಲಿ ಎದುರು ಇಪ್ಪತ್ತು ಮೀಟರ್ ಆಚೆ ಕಾಣದು, ಕಿವಿಯೇ ಕಣ್ಣು. ಬೆಳಕು ಹರಿದ ಹೊತ್ತಿಗೆ ಕಾಡಂಚಿನಲ್ಲಿರಿ. ಗಂಡು ಸಿಂಗಳೀಕದ ದೊಡ್ಡ ಕೂಗು ಕೇಳಿದರೆ ಅದರತ್ತ ಓಡಬೇಡಿ. ಹಣ್ಣಿರುವ ಮರ ಯಾವುದೆಂದು ಮಾರ್ಗದರ್ಶಿಗೆ ಗೊತ್ತಿರುತ್ತದೆ, ಅದರಿಂದ ದೂರದಲ್ಲಿ ನಿಂತು ಕಾಯಿರಿ. ಗುಂಪು ಕಂಡ ಮೇಲೆ ಬ್ವಿಂಡಿಯ ಗಡಿಯಾರ ಹಾಕಿಕೊಳ್ಳಿ: ಒಂದು ಗಂಟೆ, ಆಮೇಲೆ ಹಿಂದಿರುಗಿ. ನೆಗಡಿಯಾದವರು ಹೋಂಸ್ಟೇಯಲ್ಲೇ ಉಳಿಯಲಿ. ಕೂಗು ರೆಕಾರ್ಡ್ ಮಾಡಿ ನುಡಿಸುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ.

ಇಷ್ಟೆಲ್ಲ ಮಾಡಿಯೂ ಕಾಣದಿದ್ದರೆ? ನ್ಯಾಯವಾದ ಪ್ರಶ್ನೆ. ಬ್ವಿಂಡಿಯಲ್ಲಿ ಬಹುತೇಕ ಕಂಡೇ ಕಾಣುವುದಕ್ಕೆ ಕಾರಣ, ಮನುಷ್ಯರಿಗೆ ಒಗ್ಗಿಸಲು ವರ್ಷಗಟ್ಟಲೆ ಕಷ್ಟಪಟ್ಟ ಗುಂಪುಗಳ ಹಿಂದೆ ಟ್ರ್ಯಾಕರುಗಳು ದಿನವೂ ನಡೆಯುತ್ತಾರೆ. ಶರಾವತಿಯಲ್ಲಿ ಅದಿಲ್ಲ, ಹಾಗಾಗಿ ಮೂರು ಬೆಳಗನ್ನಾದರೂ ಇಟ್ಟುಕೊಳ್ಳಿ. ಹಾಗಿದ್ದರೆ ಇಲ್ಲೂ ಒಗ್ಗಿಸಿ, ಪರ್ಮಿಟ್ ಮಾರಿ, ಊರವರಿಗೂ ನಾಲ್ಕು ಕಾಸು ಬರಲಿ ಎನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಉಗಾಂಡದಲ್ಲಿ ಪ್ರತಿ ಗೊರಿಲ್ಲಾ ಪರ್ಮಿಟ್ಟಿನ ಒಂದು ಪಾಲು ಕಾಡಂಚಿನ ಹಳ್ಳಿಗಳಿಗೆ ಹೋಗುತ್ತದೆ. ಆದರೆ ಇಲ್ಲಿನ ಕಾಡು ಅಡಿಕೆ ತೋಟ, ಗದ್ದೆ, ಹೆದ್ದಾರಿಗಳೊಡನೆ ಹೆಣೆದುಕೊಂಡದ್ದು. ಮನುಷ್ಯರ ಭಯ ಬಿಟ್ಟ ಸಿಂಗಳೀಕ ಮೊದಲು ಇಳಿಯುವುದು ಆ ತೋಟಕ್ಕೆ, ಆಮೇಲೆ ಆ ಹೆದ್ದಾರಿಗೆ. ಪುದುತ್ತೋಟಂ ಕಣ್ಣೆದುರಿಗಿದೆ. ಊರವರಿಗೆ ಹಣ ತಲುಪಿಸಲು ಹೋಂಸ್ಟೇ, ಮಾರ್ಗದರ್ಶಿಯ ಕೂಲಿ ಸಾಕಷ್ಟು ನೇರವಾದ ದಾರಿ. ಚೌಕಾಸಿ ಮಾಡಬೇಡಿ.

ಇದಾದ ಮೇಲೂ ಉಗಾಂಡದ ಆಸೆ ಉಳಿದಿದ್ದರೆ ಧಾರಾಳವಾಗಿ ಹೋಗಿ. ತಲೆ ಎತ್ತಿ ಕಾಯುವುದು, ಗುಂಪನ್ನು ಕಂಡೂ ಮಾತಾಡದೆ ನಿಲ್ಲುವುದು ಅಷ್ಟರಲ್ಲಿ ಅಭ್ಯಾಸವಾಗಿರುತ್ತದೆ. ಪರ್ಮಿಟ್ ತಿಂಗಳುಗಳ ಮೊದಲೇ ಕಾದಿರಿಸಬೇಕು. ಕಿಬಾಲೆಯ ಚಿಂಪಾಂಜಿ ಪರ್ಮಿಟ್ ಗೊರಿಲ್ಲಾದ್ದಕ್ಕಿಂತ ಎಷ್ಟೋ ಅಗ್ಗ, ಮೊದಲ ಸಲಕ್ಕೆ ಅದೇ ವಾಸಿ. ಹಳದಿ ಜ್ವರದ ಲಸಿಕೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಹಾಕಿಸಿದ ಹತ್ತು ದಿನದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಅರವತ್ತು ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಆ ಕಾರ್ಡು ಅಲ್ಲಿ ಇಳಿಯುವಾಗಷ್ಟೇ ಅಲ್ಲ, ಮುಂಬೈಗೆ ಮರಳುವಾಗಲೂ ಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಆದ್ದರಿಂದ ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.